ಮೊಣಕಾಲಿಗೆ ಮರೆ, ಇಂಜಿನ್ನಿಗೆ ಗಾಳಿ

ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಮಂಡೆಕೋಲಿನಿಂದ ಸುಳ್ಯಕ್ಕೆ ಬರುವ ದಾರಿಯ ಒಂದು ಏರಿನ ಬುಡ. ಮಳೆ ಆಗಷ್ಟೇ ಸ್ವಲ್ಪ ಕಡಿಮೆಯಾಗಿತ್ತು. ನಮ್ಮ ಬೈಕ್ ಶೋರೂಮಿನ ಸುಳ್ಯ ಶಾಖೆಗೆ ಸಮಯಕ್ಕೆ ತಲುಪುತ್ತೇನೋ ಇಲ್ಲವೋ ಎಂದು ರೈನ್‌ಕೋಟಿನ ತೋಳು ಸರಿಸಿ ಗಡಿಯಾರ ನೋಡಿದೆ. ಕೂಗಿದರೆ ಕೇಳುವಷ್ಟು ಮುಂದೆ ನಮ್ಮ ಗಿರಾಕಿ ಕುಶಾಲಪ್ಪ ಗೌಡರ ಬೈಕು ಏರು ಹತ್ತುತ್ತಿತ್ತು. ಹಿಂದಿನ ಸೀಟಿನಲ್ಲಿ ಅವರ ಹೆಂಡತಿ ಕಮಲಕ್ಕ ಎರಡೂ ಕಾಲನ್ನು ಎಡಬದಿಗೆ ಹಾಕಿ ಕುಳಿತಿದ್ದರು. ಆಗಲೇ ಮೂಗಿಗೆ ರಬ್ಬರ್ ಹೊಗೆಯ ವಾಸನೆ ಬಂತು.

ನಮ್ಮ ಕಡೆ ಆ ವಾಸನೆಗೆ ಯಾರೂ ತಿರುಗಿ ನೋಡುವುದಿಲ್ಲ. ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸಿ, ಮೆಷಿನಿಗೆ ಕೊಟ್ಟು ಹಾಳೆಯಂತೆ ಶೀಟು ಮಾಡಿ, ಹೊಗೆಮನೆಯಲ್ಲಿ ತೂಗುಹಾಕಿ ಒಣಗಿಸುತ್ತಾರೆ. ಮಳೆಗಾಲದಲ್ಲಿ ಬಿಸಿಲಿಲ್ಲದಿರುವುದರಿಂದ ಹೊಗೆಮನೆಗಳಿಗೆ ಬಿಡುವಿಲ್ಲ. ಯಾರದೋ ಹೊಗೆಮನೆ, ಗಾಳಿ ಈ ಕಡೆ ಬೀಸುತ್ತಿದೆ ಎಂದುಕೊಂಡೆ. ಆದರೆ ಆ ಏರಿನಲ್ಲಿ ಮನೆಯೇ ಇರಲಿಲ್ಲ. ಇದು ನನಗೆ ಹೊಳೆದದ್ದು ಆಮೇಲೆ, ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ. ನಿವೃತ್ತನಾಗಿ ಮನೆಯಲ್ಲಿ ಕುಳಿತು ಇದನ್ನು ಬರೆಯುವಾಗಲೂ ಮನಸ್ಸು ಆ ಏರಿನ ಬುಡಕ್ಕೇ ಹೋಗಿ ನಿಲ್ಲುತ್ತದೆ.

ನಾನು ಸುಳ್ಯದಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವನು. ದುಡಿದದ್ದೆಲ್ಲ ಪುತ್ತೂರಿನ ಒಂದು ಬೈಕ್ ಶೋರೂಮಿನ ವರ್ಕ್‌ಶಾಪಿನಲ್ಲಿ. ಸುಳ್ಯದಲ್ಲೂ ಕಡಬದಲ್ಲೂ ಅದರ ಶಾಖೆಗಳಿದ್ದವು. ವಾರದಲ್ಲಿ ಒಂದೊಂದು ದಿನ ಅಲ್ಲಿಗೂ ಹೋಗುತ್ತಿದ್ದೆ. ಯಾವ ವರ್ಷ ಯಾವ ಹುದ್ದೆ ಸಿಕ್ಕಿತು ಎಂದು ಬರೆಯುವುದಿಲ್ಲ. ಅದರಿಂದ ಯಾರ ಬೈಕೂ ಸ್ಟಾರ್ಟ್ ಆಗುವುದಿಲ್ಲ. ಈಗ ಹೊಸದಾಗಿ ವರ್ಕ್‌ಶಾಪಿಗೆ ಸೇರುತ್ತಿರುವವರಿಗೆ ಗಾಳಿಯ ವಿಷಯ ಹೇಳಬೇಕಾಗಿದೆ. ಕಾಲೇಜಿನಲ್ಲಿ ನನಗೆ ಅದನ್ನು ಸಮೀಕರಣಗಳಲ್ಲಿ ಹೇಳಿಕೊಟ್ಟಿದ್ದರು. ಸವಾರರು ಅದನ್ನು ಮೊಣಕಾಲಿನಲ್ಲಿ, ಕುತ್ತಿಗೆಯಲ್ಲಿ, ಕಣ್ಣಿನಲ್ಲಿ ಅನುಭವಿಸುತ್ತಾರೆ.

ಸವಾರನನ್ನು ನಡುಗಿಸುವ ಗಾಳಿಯೇ ಇಂಜಿನ್ನನ್ನು ಕಾಯುತ್ತದೆ. ನಮ್ಮ ಕಡೆ ಓಡುವ ಹೆಚ್ಚಿನ ಬೈಕುಗಳಿಗೆ ರೇಡಿಯೇಟರ್ ಇಲ್ಲ. ಇಂಜಿನ್ನಿನ ಸುತ್ತ ಬಾಚಣಿಗೆಯ ಹಲ್ಲುಗಳಂತೆ ಕಾಣುವ ಲೋಹದ ಪದರಗಳಿವೆಯಲ್ಲ, ಅವುಗಳ ನಡುವೆ ಗಾಳಿ ನುಗ್ಗಿ ಹೋಗಬೇಕು. ಅದಕ್ಕೆ ಯಾವುದೂ ಅಡ್ಡ ಬರಬಾರದು. ಇಷ್ಟು ಸರಳ. ಈ ಸರಳ ಸಂಗತಿಯನ್ನು ಮರೆತು ನಾವು ಎಷ್ಟೋ ವರ್ಷ ಗಾಳಿತಡೆಗಳನ್ನು ಮಾರಿದೆವು.

ನಮ್ಮ ಮ್ಯಾನೇಜರ್ ಪ್ರಭಾಕರಣ್ಣನಿಗೆ ವಿಂಡ್‌ಶೀಲ್ಡ್ ಎಂದರೆ ಬಹಳ ಪ್ರೀತಿ. ಮೇ ತಿಂಗಳ ಕೊನೆಗೆ ದೊಡ್ಡ ದೊಡ್ಡ ಪ್ಲಾಸ್ಟಿಕ್ ಗಾಜುಗಳು ಪೆಟ್ಟಿಗೆಗಟ್ಟಲೆ ಬಂದು ಬೀಳುತ್ತಿದ್ದವು. "ಎದೆಗೆ ಗಾಳಿ ತಾಗುದಿಲ್ಲ, ಮಳೆ ಬಡಿಯುದಿಲ್ಲ, ಕೆಮ್ಮು ಬರುದಿಲ್ಲ, ಹೇಳಿ ಮಾರಿ ಮಾರಾಯ್ರೆ" ಎನ್ನುತ್ತಿದ್ದರು. ಹೀಗೆ ಮಾರಿದ ಒಂದು ಗಾಜು ಕಡಬ ಶಾಖೆಗೆ ತಿರುಗಿ ಬಂತು. ತಂದವರು ಇಚಿಲಂಪಾಡಿಯಲ್ಲಿ ಮನೆಯಿದ್ದ ಒಬ್ಬ ಹೈಸ್ಕೂಲ್ ಮೇಷ್ಟ್ರು. ಎತ್ತರದ ಆಳು. ಬೈಕಿನಿಂದ ಇಳಿಯುವ ಮೊದಲೇ ಶುರುಮಾಡಿದರು.

"ಇದನ್ನು ತೆಗೀರಿ. ಮೊದಲು ಗಾಳಿ ಎದೆಗೆ ಬರ್ತಿತ್ತು. ಈಗ ನೇರ ತಲೆಗೆ ಬಡೀತದೆ. ಹೆಲ್ಮೆಟಿನ ಒಳಗೆ ಚೆಂಡೆ ಬಾರಿಸಿದ ಹಾಗೆ ಆಗ್ತದೆ."

ನನ್ನ ಜೊತೆ ಶಾಖೆಗಳಿಗೂ ಬರುತ್ತಿದ್ದ ನಮ್ಮ ಹಿರಿಯ ಮೆಕ್ಯಾನಿಕ್ ಹಮೀದ್ ಸ್ಪ್ಯಾನರ್ ಒರೆಸುತ್ತ, "ಮೇಷ್ಟ್ರೆ, ಶಾಲೆಯ ಗಲಾಟೆ ತಲೆಯಲ್ಲಿ ಉಳಿದದ್ದು ಆಗಿರ್ಬೇಕು" ಎಂದ.

"ಶಾಲೆಗೆ ರಜೆ ಇರುವಾಗಲೂ ಬಾರಿಸ್ತದೆ, ಅದಕ್ಕೆ ಎಂತ ಹೇಳ್ತಿ?"

ನನಗೆ ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಿದ್ದೊಂದು ನೆನಪಾಯಿತು. ಉಣ್ಣೆಯ ನೂಲನ್ನು ಬೆರಳುದ್ದ ಕತ್ತರಿಸಿ ಗಾಜಿನ ಮೇಲಂಚಿಗೂ ಮೇಷ್ಟ್ರ ಹೆಲ್ಮೆಟಿಗೂ ಸಾಲಾಗಿ ಅಂಟಿಸಿದೆ. ಅವರು ಬೈಕ್ ಓಡಿಸಿದರು. ಹಮೀದ್ ಪಕ್ಕದಲ್ಲಿ ಇನ್ನೊಂದು ಬೈಕ್ ಓಡಿಸಿದ, ನಾನು ಅವನ ಹಿಂದೆ ಕುಳಿತು ನೋಡಿದೆ. ಹೆಲ್ಮೆಟಿನ ನೆತ್ತಿಯ ನೂಲುಗಳು ಹಿಂದಕ್ಕೆ ನೆಟ್ಟಗೆ ಮಲಗಿದ್ದವು. ಹಣೆಯ ಮೇಲಿನವು ಹುಚ್ಚು ಹಿಡಿದಂತೆ ಕುಣಿಯುತ್ತಿದ್ದವು. ಗಾಜನ್ನು ಹತ್ತಿ ಬಂದ ಗಾಳಿ ಅದರ ಅಂಚಿನಲ್ಲಿ ಮುರಿದು, ಸುರುಳಿ ಸುತ್ತಿ, ಸರಿಯಾಗಿ ಅವರ ಹಣೆಗೆ ಬಂದು ಬಡಿಯುತ್ತಿತ್ತು.

ಇದಕ್ಕೆ ಗಾಜನ್ನು ಇನ್ನೂ ಎತ್ತರ ಮಾಡಬಹುದು, ಇಲ್ಲವೇ ತಗ್ಗಿಸಬಹುದು. ಎತ್ತರ ಮಾಡಿದರೆ ಮಳೆಯಲ್ಲಿ ಹನಿ ಕುಳಿತ ಪ್ಲಾಸ್ಟಿಕ್ಕಿನ ಮೂಲಕವೇ ರಸ್ತೆ ನೋಡಬೇಕು, ಅದು ಅಪಾಯ. ನಾವು ತಗ್ಗಿಸಿದೆವು. ಮೇಲಂಚನ್ನು ಕತ್ತರಿಸಿ, ಮರಳು ಕಾಗದದಿಂದ ಉಜ್ಜಿ ನಯಮಾಡಿದೆವು. ಮೇಷ್ಟ್ರು ಒಂದು ಸುತ್ತು ಹೋಗಿ ಬಂದು, "ಗಾಳಿ ಬರ್ತದೆ. ಆದ್ರೆ ಮರ್ಯಾದೆಯಲ್ಲಿ ಬರ್ತದೆ" ಎಂದರು.

ಪ್ರಭಾಕರಣ್ಣನಿಗೆ ಸುದ್ದಿ ತಲುಪಿತು. "ಮಾರಿದ್ದನ್ನು ಕತ್ತರಿಸುವ ಇಂಜಿನಿಯರ್ ಇರುವುದು ನಮ್ಮ ಶೋರೂಮಿನಲ್ಲಿ ಮಾತ್ರ" ಎಂದು ಎಲ್ಲರೆದುರು ನಕ್ಕರು. ಆದರೆ ಮುಂದಿನ ವರ್ಷದಿಂದ ಸವಾರನನ್ನು ಬೈಕಿನ ಮೇಲೆ ಕೂರಿಸಿ, ಕಣ್ಣಿನ ಎತ್ತರ ನೋಡದೆ ಗಾಜು ಕೊಡಕೂಡದು ಎಂದು ಹೇಳಿದವರೂ ಅವರೇ.

ಆ ಕಾಲದಲ್ಲಿ ನಾವು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿ ಇಂಜಿನ್ನಿನ ಒಳಗಿನ ಸದ್ದು ಕೇಳುತ್ತಿದ್ದೆವು. ಒದ್ದೆ ಬೆರಳಿನಿಂದ ಪದರವನ್ನು ಮುಟ್ಟಿ, ಚುಂಯ್ ಎಂದರೆ ಬಿಸಿ ಹೆಚ್ಚಾಗಿದೆ ಎಂದು ತಿಳಿಯುತ್ತಿದ್ದೆವು. ಆಮೇಲೆ ಸ್ಕ್ಯಾನರ್ ಬಂತು. ವೈರು ಚುಚ್ಚಿದರೆ ಬೈಕು ತನ್ನ ಕಾಯಿಲೆಯನ್ನು ತಾನೇ ಪರದೆಯ ಮೇಲೆ ಬರೆಯುತ್ತದೆ. ನಾನು ಸ್ಕ್ಯಾನರನ್ನು ಬಯ್ಯುವವನಲ್ಲ, ಅದು ನಮ್ಮ ಎಷ್ಟೋ ಊಹೆಗಳನ್ನು ತಪ್ಪಿಸಿತು. ಆದರೆ ಬೈಕಿನ ಎದುರು ಏನು ಕಟ್ಟಿದ್ದಾರೆ ಎಂದು ಅದು ಹೇಳುವುದಿಲ್ಲ.

ಕುಶಾಲಪ್ಪ ಗೌಡರು ನಮ್ಮ ಸುಳ್ಯ ಶಾಖೆಗೆ ಬರತೊಡಗಿದ್ದು ನನ್ನ ನಿವೃತ್ತಿಗೆ ಮುಂಚಿನ ಮಳೆಗಾಲದಲ್ಲಿ. ಮಂಡೆಕೋಲಿನಲ್ಲಿ ಅವರದು ಸಣ್ಣ ರಬ್ಬರ್ ತೋಟ; ಹಾಲಿಗಾಗಿ ಮರ ಕೆತ್ತುವುದು, ಶೀಟು ಮಾಡುವುದು ಎಲ್ಲ ಅವರೇ. ಪ್ರತಿ ಸಲವೂ ಒಂದೇ ದೂರು.

"ಏರಿನಲ್ಲಿ ಎಳೆಯುದಿಲ್ಲ ಸಾರ್. ಕಾಲಿನ ಹತ್ರ ಬೆಂಕಿ ಇಟ್ಟ ಹಾಗೆ ಬಿಸಿ."

ಆಯಿಲ್ ನೋಡಿದೆವು, ಕ್ಲಚ್ ನೋಡಿದೆವು, ಸ್ಕ್ಯಾನರ್ ಚುಚ್ಚಿದೆವು. ಏನೂ ಸಿಗಲಿಲ್ಲ. ನಾನೇ ಏರುದಾರಿಯಲ್ಲಿ ಓಡಿಸಿ ನೋಡಿದೆ, ಹೂವಿನ ಹಾಗೆ ಹತ್ತಿತು. ಗೌಡರ ಬೈಕು ಬರುವಾಗಲೇ ಮಿರಮಿರ ಮಿಂಚುತ್ತಿತ್ತು. ಹಮೀದ್ ಒಮ್ಮೆ ಕೇಳಿದ:

"ಗೌಡ್ರೆ, ನೀವು ಸರ್ವಿಸಿಗೆ ಬೈಕ್ ತರುದಾ, ಮದುಮಗಳನ್ನು ತರುದಾ?"

"ಡಾಕ್ಟ್ರ ಹತ್ರ ಹೋಗುವಾಗ ಸ್ನಾನ ಮಾಡಿ ಹೋಗುದಿಲ್ವಾ ನೀನು? ಹಾಗೆಯೇ ಇದು" ಎಂದರು ಗೌಡರು.

ನಾವೆಲ್ಲ ನಕ್ಕೆವು. ಉತ್ತರ ಅಲ್ಲೇ ಇತ್ತು.

ಮೂರನೆಯ ಸಲ ಬಂದಾಗ ಕಮಲಕ್ಕನೂ ಜೊತೆಗಿದ್ದರು. ಸುಳ್ಯದ ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಹೊಲಿಗೆ ಅಂಗಡಿ. ಚಿಕುನ್‌ಗುನ್ಯ ಬಂದು ಹೋದ ಮೇಲೆ ಅವರ ಮೊಣಕಾಲುಗಳು ಮೊದಲಿನಂತಾಗಲಿಲ್ಲ. ಮಳೆಗಾಳಿ ತಾಗಿದರೆ ಮರಗಟ್ಟುತ್ತವೆ. ಅಂಗಡಿ ತಲುಪಿ ಗಂಟೆ ಕಳೆದರೂ ಹೊಲಿಗೆ ಮೆಷಿನಿನ ಪೆಡಲು ತುಳಿಯಲು ಆಗುವುದಿಲ್ಲ.

"ಬಸ್ಸಿಗೆ ಬರಬಹುದಲ್ಲ ಕಮಲಕ್ಕ?" ಎಂದು ಕೇಳಿದೆ.

"ಬಸ್ಸು ಉಂಟು ಸಾರ್. ಅದರ ಮೆಟ್ಟಿಲು ಹತ್ತಲಿಕ್ಕೆ ಬೇರೆ ಕಾಲು ಬೇಕು." ಆಮೇಲೆ ಬೈಕಿನ ಕಡೆ ನೋಡಿ ಹೇಳಿದರು: "ಇವರು ಗಾಳಿಗೆ ಎಂತದೋ ವ್ಯವಸ್ಥೆ ಮಾಡಿ ಕೊಟ್ಟಿದ್ದಾರೆ, ಈಗ ಕಾಲು ಪರವಾಗಿಲ್ಲ. ಬೈಕೇ ಹೀಗೆ ಮಾಡಿದ್ರೆ ಅಂಗಡಿ ಬಾಗಿಲು ಹಾಕುದು ಅಷ್ಟೆ."

ಕಾಲಿಗೆ ಕಂಬಳಿ ಸುತ್ತಿಕೊಳ್ಳುತ್ತಾರೇನೋ ಎಂದುಕೊಂಡೆ. ಬೈಕು ವರ್ಕ್‌ಶಾಪಿನಲ್ಲಿ ಒಂದು ಥರ, ಅವರ ದಾರಿಯಲ್ಲಿ ಇನ್ನೊಂದು ಥರ ಇರುವುದಾದರೆ ಅವರ ದಾರಿಯಲ್ಲೇ ನೋಡಬೇಕು ಎಂದು ತೀರ್ಮಾನಿಸಿ, ಒಂದು ದಿನ ಬೆಳಿಗ್ಗೆ ಮಂಡೆಕೋಲಿಗೆ ಹೊರಟೆ. ಮಳೆಯಿಂದಾಗಿ ತಡವಾಯಿತು. ನಾನು ದೊಡ್ಡ ರಸ್ತೆಯಲ್ಲಿ ಹೋಗುತ್ತಿದ್ದಾಗ ಅವರು ತೋಟದ ಒಳದಾರಿಯಿಂದ ಇಳಿದುಬಿಟ್ಟಿದ್ದರು. "ಈಗ ಹೋದದ್ದಷ್ಟೆ" ಎಂದರು ನೆರೆಮನೆಯವರು. ಬೈಕ್ ತಿರುಗಿಸಿ ಬಂದೆ. ದಾರಿಯಲ್ಲಿ ಅವರು ಸಿಕ್ಕಿದರು, ಆದರೆ ಸಿಕ್ಕಿದ್ದು ಬೆನ್ನು. ಬೈಕಿನ ಮುಂಭಾಗ ನನಗೆ ಕಾಣಲೇ ಇಲ್ಲ.

ಏರು ಮುಗಿದು ಇಳಿಜಾರು ಶುರುವಾಗುವಲ್ಲಿ ಒಂದು ಬಲ ತಿರುವು. ಗೌಡರು ಆಕ್ಸಿಲರೇಟರ್ ಬಿಟ್ಟಿರಬೇಕು, ಇಂಜಿನ್ನಿನ ಸದ್ದು ಇಳಿಯಿತು. ಇಳಿದು ಅಲ್ಲೇ ಕಡಿದುಹೋಯಿತು. ಮರುಕ್ಷಣ ಹಿಂದಿನ ಚಕ್ರ ತಿರುಗುವುದನ್ನು ನಿಲ್ಲಿಸಿತು. ಬೈಕು ಓಡುತ್ತಿದೆ, ಚಕ್ರ ತಿರುಗುತ್ತಿಲ್ಲ. ಒದ್ದೆ ಡಾಂಬರಿನ ಮೇಲೆ ಟಯರು ಎಳೆದ ಸದ್ದು ಮನುಷ್ಯರು ಅತ್ತ ಹಾಗಿತ್ತು. ಬೈಕಿನ ಹಿಂಭಾಗ ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಹೊಡೆದು, ಎಡಮಗ್ಗುಲಾಗಿ ಬಿತ್ತು. ಕಮಲಕ್ಕ ಜಾರಿ ರಸ್ತೆಬದಿಯ ಚರಂಡಿಯೊಳಗೆ ಹೋದರು. ಬೈಕು ಗೌಡರ ಒಂದು ಕಾಲನ್ನು ಅಡಿಗೆ ಹಾಕಿಕೊಂಡು ರಸ್ತೆಯ ನಡುವಿಗೆ ಜಾರಿತು. ತಿರುವಿನ ಆಚೆಯಿಂದ ರಬ್ಬರ್ ಮರದ ದಿಮ್ಮಿ ತುಂಬಿದ ಲಾರಿ ಬಂತು.

ಲಾರಿಯ ಚಾಲಕ ಬ್ರೇಕ್ ಹಾಕಿದ. ದಿಮ್ಮಿಗಳು ಒಂದಕ್ಕೊಂದು ಬಡಿದ ಸದ್ದಿನಲ್ಲಿ ನಾನು ಕೂಗಿದ್ದು ನನಗೇ ಕೇಳಲಿಲ್ಲ. ಲಾರಿ ನಿಂತಿತು. ಅದರ ಬಂಪರ್ ಮತ್ತು ಗೌಡರ ಹೆಲ್ಮೆಟಿನ ನಡುವೆ ಒಬ್ಬ ಮನುಷ್ಯ ಕುಕ್ಕರಗಾಲಿನಲ್ಲಿ ಕೂರುವಷ್ಟು ಜಾಗವಿತ್ತು. ನಾನು ಹೋಗಿ ಕೂತದ್ದು ಅಲ್ಲೇ.

ಆಗ ನೋಡಿದೆ. ಇಂಜಿನ್ನಿನ ಎದುರು, ಸೈಲೆನ್ಸರ್ ಪೈಪು ಕೆಳಗೆ ಬಾಗುವ ಜಾಗಕ್ಕೆ, ಕಪ್ಪಗೆ ಏನೋ ಕರಗಿ ಅಂಟಿಕೊಂಡಿತ್ತು. ದಟ್ಟ ಹೊಗೆ. ಅದರ ಅಂಚಿನಲ್ಲಿ ದೀಪದ ಕುಡಿಯಷ್ಟು ಬೆಂಕಿ. ಮಲಗಿದ ಬೈಕಿನ ಟ್ಯಾಂಕಿನ ಮುಚ್ಚಳದಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ತೊಟ್ಟು ತೊಟ್ಟಾಗಿ ಅದು ಗೌಡರ ಪ್ಯಾಂಟನ್ನು ನೆನೆಸಿ ಆ ಕುಡಿಯ ಕಡೆಗೆ ಹರಿಯುತ್ತಿತ್ತು.

ಬೀಗದ ಕೈ ತಿರುಗಿಸಿ ಆಫ್ ಮಾಡಿದೆ. ಮುಂದೆ ಏನು ಮಾಡಬೇಕು ಎಂದು ನನಗೆ ಗೊತ್ತಿತ್ತು, ಕೈ ಕೇಳುತ್ತಿರಲಿಲ್ಲ. ಆಗ ಒಂದು ಮುಷ್ಟಿ ಕೆಸರು ಹಾರಿ ಬಂದು ಪೈಪಿನ ಮೇಲೆ ಬಿತ್ತು. ಇನ್ನೊಂದು ಬಂತು. ಕಮಲಕ್ಕ ಚರಂಡಿಯಲ್ಲಿ ಕುಳಿತಲ್ಲಿಂದಲೇ ಎರಡೂ ಕೈಯಲ್ಲಿ ಕೆಸರು ಬಾಚಿ ಎಸೆಯುತ್ತಿದ್ದರು. ಏಳಲು ಅವರ ಮೊಣಕಾಲು ಬಿಡುತ್ತಿರಲಿಲ್ಲ.

"ಎಳೀರಿ ಸಾರ್ ಅವರನ್ನು! ನೋಡ್ತಾ ಕೂತದ್ದೆಂತ? ಎಳೀರಿ!"

ಲಾರಿಯವನು ಬೈಕು ಎತ್ತಿದ, ನಾನು ಗೌಡರ ಕಂಕುಳಿಗೆ ಕೈ ಹಾಕಿ ಎಳೆದೆ. ಕುಡಿ ಕೆಸರಿನಡಿ ಚುಂಯ್ ಎಂದು ಆರಿತು. ಇಡೀ ಘಟನೆ ನಡೆದದ್ದು ಎರಡು ಮೂರು ನಿಮಿಷಗಳಲ್ಲಿ ಇರಬಹುದು. ನನ್ನ ತಲೆಯೊಳಗೆ ಅದು ತಿಂಗಳುಗಟ್ಟಲೆ ನಡೆಯಿತು.

ಗೌಡರ ಪಾದದ ಗಂಟಿನ ಮೂಳೆ ಮುರಿದಿತ್ತು, ಮೀನಖಂಡದಲ್ಲಿ ಸುಟ್ಟ ಗಾಯ. ಸುಳ್ಯದ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಮಲಗಿಸಿದ ಮೇಲೆ ಕೇಳಿದೆ.

"ಗೌಡ್ರೆ, ಇಂಜಿನ್ನಿನ ಎದುರು ಎಂತ ಕಟ್ಟಿದ್ದಿರಿ?"

"ರಬ್ಬರ್ ಶೀಟು. ಇವಳ ಕಾಲಿಗೆ ಗಾಳಿ ತಾಗಬಾರ್ದಲ್ಲ. ಎದುರಿನ ಕಬ್ಬಿಣದ ಗಾರ್ಡಿನ ಈ ಕಡೆಯಿಂದ ಆ ಕಡೆಗೆ ಪೂರ್ತಿ ಕಟ್ಟಿ, ಎಡಬದಿಗೆ ಇವಳ ಪಾದದವರೆಗೆ ತಂದಿದ್ದೆ." ನೋವಿನಲ್ಲೂ ಅವರಿಗೆ ಸ್ವಲ್ಪ ಹೆಮ್ಮೆ ಇತ್ತು. "ಒಳ್ಳೆ ಗ್ರೇಡಿಂದೇ ಸಾರ್. ಒಂದು ಹನಿ ಗಾಳಿ ಒಳಗೆ ಬರುದಿಲ್ಲ."

ಒಂದು ಹನಿ ಗಾಳಿ ಇಂಜಿನ್ನಿಗೂ ಹೋಗುತ್ತಿರಲಿಲ್ಲ. ಏರಿನಲ್ಲಿ ಕಡಿಮೆ ವೇಗ, ಹೆಚ್ಚು ಶ್ರಮ, ಎದುರು ದಪ್ಪ ರಬ್ಬರಿನ ಗೋಡೆ. ಒಳಗಿನ ಆಯಿಲ್ ತೆಳ್ಳಗಾಗಿ, ಪಿಸ್ಟನ್ ಉಬ್ಬಿ, ಸಿಲಿಂಡರಿನೊಳಗೆ ಕಚ್ಚಿಕೊಂಡಿತ್ತು. ಅಷ್ಟರಲ್ಲಿ ಶೀಟೂ ಸಡಿಲಾಗಿ ಪೈಪಿಗೆ ತಾಗಿತ್ತು.

"ನಮ್ಮಲ್ಲಿಗೆ ತರುವಾಗ ಅದು ಇರ್ಲಿಲ್ಲವಲ್ಲ?"

"ಅದನ್ನು ಕಟ್ಟಿಕೊಂಡು ಶೋರೂಮಿಗೆ ಬರುದಾ? ಮರ್ಯಾದೆ ಬೇಡ್ವಾ ಮಾರಾಯ್ರೆ? ಬಿಚ್ಚಿ ಇಟ್ಟು, ತೊಳೆದು, ಒರೆಸಿ ತರ್ತಿದ್ದೆ."

"ಸುಟ್ಟ ವಾಸನೆ ಬರ್ಲಿಲ್ವಾ?"

ಗೌಡರು ನನ್ನನ್ನೇ ನೋಡಿದರು. "ವಾಸನೆ ನಮ್ಮ ಅಂಗಿಯಲ್ಲೇ ಉಂಟಲ್ಲ ಸಾರ್. ಹೊಸ್ತಾಗಿ ಎಂತ ಬರುದು?"

ಕಮಲಕ್ಕ ಮಂಚದ ಆಚೆ ಬದಿಯಲ್ಲಿ ಕುಳಿತಿದ್ದರು. ಮೊಣಕೈಗೆ ಪಟ್ಟಿ, ಉಗುರಿನಡಿ ಇನ್ನೂ ಕೆಸರು. "ನನ್ನ ಕಾಲಿಂದ ಇವರ ಕಾಲು ಹೋಯ್ತು" ಎಂದರು. "ಇನ್ನು ಬೈಕು ಹತ್ತುದಿಲ್ಲ. ಅಂಗಡಿಯೂ ಬೇಡ, ಎಂತದೂ ಬೇಡ."

ಮರುದಿನ ಪ್ರಭಾಕರಣ್ಣ ಪುತ್ತೂರಿನಿಂದ ಬಂದರು. ಇಂಜಿನ್ ಬಿಚ್ಚಿಟ್ಟಿದ್ದ ಮೇಜಿನ ಎದುರು ನಿಂತು, "ಹೊರಗಿನ ವಸ್ತು ಕಟ್ಟಿದ್ದು ಅವರು. ನಮ್ಮದೇನೂ ಇಲ್ಲ, ಹಾಗೆ ಬರ್ದು ಮುಗಿಸಿ" ಎಂದರು. ನಾನು ವಾದ ಮಾಡಲಿಲ್ಲ. ಅವರನ್ನು ಸರ್ವಿಸಿಗೆ ಬಂದ ಬೈಕುಗಳು ನಿಂತ ಜಾಗಕ್ಕೆ ಕರೆದುಕೊಂಡು ಹೋಗಿ ಗಾರ್ಡುಗಳನ್ನು ತೋರಿಸಿದೆ. ಒಂದರಲ್ಲಿ ಹಗ್ಗ ಉಜ್ಜಿ ಬಣ್ಣ ಹೋಗಿತ್ತು. ಪಕ್ಕದ್ದರಲ್ಲಿ ತಂತಿಯ ಗುರುತು. ಅದರಾಚೆಯದರಲ್ಲಿ ಬಿಚ್ಚಲು ಮರೆತ ಗೋಣಿನೂಲಿನ ಗಂಟು. ಎಲ್ಲರೂ ಏನೋ ಕಟ್ಟುತ್ತಿದ್ದರು, ಎಲ್ಲರೂ ಬಿಚ್ಚಿ, ತೊಳೆದು ನಮ್ಮ ಬಳಿಗೆ ತರುತ್ತಿದ್ದರು. ನಮಗೆ ಸಿಗುತ್ತಿದ್ದದ್ದು ಯಾರೂ ಓಡಿಸದ ಬೈಕು.

ಪ್ರಭಾಕರಣ್ಣ ಆ ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಇಷ್ಟು ವರ್ಷ ಎದೆಗೆ ಗಾಜು ಮಾರಿದ್ದೇವೆ. ಕಾಲಿಗೆ ಎಂತದೂ ಕೊಡ್ಲೇ ಇಲ್ಲ, ಅಲ್ವಾ?" ಎಂದರು. ಆ ಸಂಜೆಯಿಂದ ಸರ್ವಿಸಿಗೆ ಕರೆಯುವ ಫೋನಿನಲ್ಲಿ ಒಂದು ಮಾತು ಸೇರಿತು: ಮಳೆಯಲ್ಲಿ ಹೇಗೆ ಓಡಿಸುತ್ತೀರೋ ಹಾಗೆಯೇ ತನ್ನಿ, ತೊಳೆಯಬೇಡಿ.

ಮುಂದಿನ ವಾರ ನಮ್ಮ ಅಂಗಳ ನೋಡಬೇಕಿತ್ತು. ಟಾರ್ಪಾಲಿನ ತುಂಡು, ಗೊಬ್ಬರದ ಚೀಲ, ಅಡಿಕೆ ಹಾಳೆ. ಒಬ್ಬರು ಹಳೆಯ ಚುನಾವಣೆಯ ಫ್ಲೆಕ್ಸ್ ಕಟ್ಟಿದ್ದರು. ಇಂಜಿನ್ನಿನ ಎದುರು ಕೈಮುಗಿದು ನಿಂತ ಅಭ್ಯರ್ಥಿಯ ಮುಖ ಅರ್ಧ ಬೆಂದು ಹೋಗಿತ್ತು. ಹಮೀದ್ ಬಗ್ಗಿ ನೋಡಿ, "ಪಾಪ, ಇವರಿಗೆ ಠೇವಣಿಯೂ ಹೋಯ್ತು, ಮೀಸೆಯೂ ಹೋಯ್ತು" ಎಂದ. ಅಪಘಾತದ ಮೇಲೆ ಮೊದಲ ಸಲ ನಾನು ನಕ್ಕೆ.

ನಕ್ಕೆನೇ ಹೊರತು ನಿದ್ದೆ ಬರುತ್ತಿರಲಿಲ್ಲ. ಕಣ್ಣು ಹತ್ತಿದೊಡನೆ ಟಯರಿನ ಆ ಸದ್ದು. ಪುತ್ತೂರಿನಲ್ಲಿ ನಮ್ಮ ಮನೆಯ ಹಿಂದೆ ನೆರೆಯವರ ಹೊಗೆಮನೆ ಇದೆ. ಆ ವಾಸನೆಯ ಪಕ್ಕದಲ್ಲೇ ಇಷ್ಟು ವರ್ಷ ಮಲಗಿದವನು ನಾನು. ಈಗ ಅದು ಮೂಗಿಗೆ ಬಂದರೆ ಎದ್ದು ಕುಳಿತು, ಎಲ್ಲಿ, ಎಲ್ಲಿ ಎಂದು ಹುಡುಕುತ್ತಿದ್ದೆ. ಹೆಂಡತಿ ಆ ಕಿಟಕಿಯನ್ನು ಮುಚ್ಚಿ ಸಂದಿಗೆ ಬಟ್ಟೆ ತುರುಕಿದಳು. ಗೌಡರ ಮೂಳೆ ಕೂಡಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಮಲಕ್ಕನ ಅಂಗಡಿ ಮುಚ್ಚಿಯೇ ಇತ್ತು. ಸುಳ್ಯಕ್ಕೆ ಹೋದಾಗಲೆಲ್ಲ ಆ ಷಟರಿನ ಎದುರು ಹಾದುಹೋಗಬೇಕಿತ್ತು.

ಹಮೀದ್ ಮತ್ತು ನಾನು ಕೆಲಸ ಶುರುಮಾಡಿದೆವು. ಕಾಲಿಗೆ ಮರೆ ಬೇಕು, ಇಂಜಿನ್ನಿಗೆ ಗಾಳಿ ಬೇಕು. ಕತ್ತರಿಸಿ ಉಳಿದ ವಿಂಡ್‌ಶೀಲ್ಡುಗಳ ತುಂಡುಗಳನ್ನು ಪ್ರಭಾಕರಣ್ಣ ತಾವೇ ಕಾರಿನಲ್ಲಿ ತಂದುಕೊಟ್ಟರು. ಗಾರ್ಡಿನ ಎರಡು ಹೊರಬದಿಗಳಿಗೆ ಮಾತ್ರ ತುಂಡು ಹಾಕಿ, ಇಂಜಿನ್ನಿನ ಎದುರನ್ನು ಪೂರ್ತಿ ತೆರೆದಿಟ್ಟೆವು. ಮೊದಲ ಸಲ ತುಂಡುಗಳ ಒಳಂಚು ನೇರವಾಗಿತ್ತು. ಕಾಲಿಗೆ ಗಾಳಿ ತಪ್ಪಿತು, ಆದರೆ ಇಂಜಿನ್ನಿನಿಂದ ಬಂದ ಬಿಸಿ ಅದರ ಹಿಂದೆಯೇ ಸಿಕ್ಕಿಕೊಂಡು ಹಮೀದನ ಕಣಕಾಲು ಬೇಯಿತು. "ಸಾರ್, ಇದು ಮಳೆಗಾಲಕ್ಕೆ ಲಾಯ್ಕ್ ಉಂಟು. ಮಾರ್ಚಿನಲ್ಲಿ ಇದರಲ್ಲಿ ಕೋಳಿ ಸುಡಬಹುದು" ಎಂದ. ಒಳಂಚನ್ನು ಬಿಸಿ ಮಾಡಿ ಇಂಜಿನ್ನಿನ ಕಡೆಗೆ ಬಾಗಿಸಿದೆವು. ಆಗ ಎದುರಿನ ಗಾಳಿ ನಡುವಿನ ಬಾಯಿಯೊಳಗೆ ಜೋರಾಗಿ ನುಗ್ಗಿ, ಬಿಸಿಯನ್ನು ಕೆಳಗಿನಿಂದ ಹಿಂದಕ್ಕೆ ಒಯ್ಯತೊಡಗಿತು. ಹಿಂದೆ ಕೂರುವವರಿಗಾಗಿ ಎಡಬದಿಗೆ ಇನ್ನೊಂದು ತುಂಡು, ಪೈಪಿನಿಂದ ದೂರ. ಎಲ್ಲವನ್ನೂ ಕೈಯಲ್ಲೇ ತಿರುಗಿಸಿ ಬಿಚ್ಚುವ ನಟ್ಟುಗಳಿಂದ ಬಿಗಿದೆವು, ಬೇಸಗೆಯಲ್ಲಿ ತೆಗೆದಿಡಬೇಕು. ಒಂದೇ ಏರಿನಲ್ಲಿ ರಬ್ಬರ್ ಶೀಟು ಕಟ್ಟಿ ಒಮ್ಮೆ, ಇದನ್ನು ಹಾಕಿ ಒಮ್ಮೆ, ಏನೂ ಇಲ್ಲದೆ ಒಮ್ಮೆ ಹತ್ತಿಸಿ ಬಿಸಿ ಅಳೆದೆವು. ಶೀಟಿನದನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. ಉಳಿದೆರಡರ ನಡುವೆ ಹೇಳುವಂಥ ವ್ಯತ್ಯಾಸವಿರಲಿಲ್ಲ.

ಗೌಡರು ಊರುಗೋಲು ಬಿಟ್ಟ ಮೇಲೆ, ದುರಸ್ತಿಯಾದ ಬೈಕನ್ನು ನಾನೇ ಮಂಡೆಕೋಲಿಗೆ ಓಡಿಸಿಕೊಂಡು ಹೋದೆ. ಮಳೆಗಾಲ ಇನ್ನೂ ಮುಗಿದಿರಲಿಲ್ಲ. ಕಮಲಕ್ಕ ಚಾ ಕೊಟ್ಟರು, ಬೈಕಿನ ಕಡೆ ನೋಡಲಿಲ್ಲ.

"ಗಾಳಿ ಬೇಕಾದ್ರೆ ತಾಗ್ಲಿ ಸಾರ್. ಬೆಂಕಿ ಬೇಡ."

"ನನಗೂ ಹೆದರಿಕೆ ಹೋಗ್ಲಿಲ್ಲ ಕಮಲಕ್ಕ," ಎಂದೆ. "ನನ್ನ ಮಾತು ನಂಬುದು ಬೇಡ. ನಿಮ್ಮ ಪೆಟ್ಟಿಗೆಯಿಂದ ಒಂದಿಷ್ಟು ನೂಲು ಕೊಡಿ."

ಅವರು ಕೆಂಪು ಉಣ್ಣೆನೂಲು ತಂದರು. ಇಚಿಲಂಪಾಡಿಯ ಮೇಷ್ಟ್ರ ಕಥೆ ಹೇಳುತ್ತ ನಾನು ಒಂದೆರಡು ಕಡೆ ಕಟ್ಟಿದೆ. ಅಷ್ಟರಲ್ಲಿ ಅವರೇ ಬಗ್ಗಿ, "ಅಲ್ಲಿ ಅಲ್ಲ ಸಾರ್, ನನ್ನ ಕಾಲು ಬರುದು ಇಲ್ಲಿ" ಎಂದು ತಮ್ಮ ಮೊಣಕಾಲಿನ ಜಾಗಕ್ಕೆ, ಪಾದದ ಜಾಗಕ್ಕೆ, ಕೊನೆಗೆ ಇಂಜಿನ್ನಿನ ಎದುರಿನ ಗಾರ್ಡಿಗೆ ಕಟ್ಟಿದರು. ಅವರು ಹಾಕಿದ ಗಂಟು ನನ್ನದಕ್ಕಿಂತ ಸಣ್ಣದು, ಬಿಗಿ.

ನಾನು ತೋಟದ ದಾರಿಯಲ್ಲಿ ಹೋಗಿ ಬಂದೆ. ಅವರು ಅಂಗಳದ ತುದಿಯಲ್ಲಿ ನಿಂತು ನೋಡಿದರು. "ಮತ್ತೊಮ್ಮೆ" ಎಂದರು. ಮತ್ತೊಮ್ಮೆ ಹೋದೆ. ಇಳಿದ ಮೇಲೆ ಅವರು ಇಂಜಿನ್ನಿನ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿದರು, ಬಗ್ಗಿ ಮೂಸಿಯೂ ನೋಡಿದರು. "ಮೊಣಕಾಲಿನ ನೂಲು ಅಲ್ಲಾಡುದೇ ಇಲ್ಲ. ಇಂಜಿನ್ನಿಂದು ಮಾತ್ರ ಹಾರ್ತದೆ" ಎಂದರು.

ಗೌಡರು ಜಗಲಿಯಿಂದ, "ನನ್ನ ಶೀಟಿನಲ್ಲಿ ಎರಡೂ ಅಲ್ಲಾಡ್ತಿರ್ಲಿಲ್ಲ" ಎಂದರು.

"ನೀವೂ ಅಲ್ಲಾಡ್ತಿರ್ಲಿಲ್ಲ, ಲಾರಿಯವ ಬ್ರೇಕ್ ಹಾಕದಿದ್ರೆ" ಎಂದರು ಕಮಲಕ್ಕ. ಅಷ್ಟು ದಿನಗಳಲ್ಲಿ ಅವರು ಗಂಡನನ್ನು ಹಂಗಿಸಿದ್ದು ಅದೇ ಮೊದಲಂತೆ. ಗೌಡರ ಮುಖ ಅರಳಿತು.

ಒಂದು ವಾರ ಸುದ್ದಿಯಿಲ್ಲ. ಆಮೇಲೊಂದು ಬೆಳಿಗ್ಗೆ, ಜೋರು ಮಳೆ ಸುರಿಯುತ್ತಿರುವಾಗ, ಪುತ್ತೂರಿನ ವರ್ಕ್‌ಶಾಪಿನಲ್ಲಿದ್ದ ನನಗೆ ಫೋನ್ ಬಂತು. ಹಲೋ ಎಂದರೆ ಉತ್ತರವಿಲ್ಲ. ಟಕಟಕ ಟಕಟಕ ಎಂದು ಒಂದು ಸದ್ದು. ಇಂಜಿನ್ನಿನ ಸದ್ದು ಅಲ್ಲ. ಅದೇನೆಂದು ತಿಳಿಯಲು ಒಂದು ಕ್ಷಣ ಬೇಕಾಯಿತು.

"ಕೇಳ್ತದಾ ಸಾರ್?" ಕಮಲಕ್ಕನ ಧ್ವನಿ. "ಅಂಗಡಿಯಲ್ಲಿದ್ದೇನೆ. ಬಂದು ಕೂತ ಕೂಡ್ಲೇ ತುಳಿದೆ."

"ಆ ಏರಿನಲ್ಲಿ?"

"ಕಣ್ಣು ಮುಚ್ಚಿದ್ದೆ. ಇಳಿಜಾರು ಮುಗಿದ ಮೇಲೆ ಇವರು ಹೇಳಿದ್ರು, ಇನ್ನು ಬಿಡ್ಬಹುದು ಅಂತ."

ಫೋನ್ ಇಟ್ಟ ಮೇಲೆ ಹಮೀದ್ ಏನೆಂದು ಕೇಳಿದ. ಹೊಲಿಗೆ ಮೆಷಿನಿನ ಪೆಡಲು ತುಳಿಯುವ ಹಾಗೆ ಕಾಲಿನಿಂದ ನೆಲವನ್ನು ತುಳಿದು ತೋರಿಸಿದೆ. ಅವನಿಗೆ ಅರ್ಥವಾಯಿತು.

ಆ ದಿನ ಮನೆಗೆ ಹೋಗಿ ಊಟ ಮಾಡಿ ಮಲಗಿದ್ದಷ್ಟೇ ನೆನಪು. ಎಚ್ಚರವಾದಾಗ ಕೋಣೆಯೊಳಗೆ ಬಿಸಿಲು ಬಿದ್ದಿತ್ತು. ಸಂಜೆ ಮಳೆ ಬಿಟ್ಟಿತೆಂದು ಹೆಂಡತಿ ಹಿಂದಿನ ಕಿಟಕಿ ತೆರೆದಿದ್ದಳಂತೆ, ಮುಚ್ಚಲು ಮರೆತಿದ್ದಳು. ಸಂದಿಗೆ ತುರುಕಿದ್ದ ಬಟ್ಟೆ ಕೆಳಗೆ ಬಿದ್ದಿತ್ತು. ನೆರೆಮನೆಯ ಹೊಗೆಮನೆಯಿಂದ ರಬ್ಬರ್ ಹೊಗೆ ಇಡೀ ರಾತ್ರಿ ಕೋಣೆಯೊಳಗೆ ಬಂದು ತುಂಬಿತ್ತು.